ಸ್ವಯಂಚಾಲಿತ ಪರೀಕ್ಷೆ: ಉಳಿಸಿದ್ದೆಷ್ಟು, ಉಳಿದದ್ದೆಷ್ಟು?

ರೈಲಿನ ಟಿಕೆಟ್ ಕಾಯ್ದಿರಿಸುವ ಒಂದು ತಂತ್ರಾಂಶವನ್ನು ಪರೀಕ್ಷಿಸುವ ಕೆಲಸ ನಿಮಗೆ ಬಂದಿದೆ ಎಂದುಕೊಳ್ಳಿ. ಪ್ರಯಾಣಿಕರಲ್ಲಿ ವಯಸ್ಕರು, ಮಕ್ಕಳು, ಹಿರಿಯ ನಾಗರಿಕರು, ವಿಕಲಚೇತನರು ಎಂದು ನಾಲ್ಕು ಬಗೆ. ಬೋಗಿಯ ದರ್ಜೆ ಐದು. ಕೋಟಾ ಮೂರು. ಹಣ ಕಟ್ಟುವ ವಿಧಾನ ನಾಲ್ಕು. ಎಲ್ಲವನ್ನೂ ಒಂದಕ್ಕೊಂದು ಜೋಡಿಸಿದರೆ 240 ಸಂದರ್ಭಗಳಾಗುತ್ತವೆ. ಒಂದೊಂದಕ್ಕೆ ಮೂರೇ ನಿಮಿಷ ಹಿಡಿದರೂ 12 ಗಂಟೆ ಬೇಕು. ಅದನ್ನೇ ಮೂರು ಬ್ರೌಸರುಗಳಲ್ಲಿ ನೋಡಬೇಕೆಂದರೆ 36 ಗಂಟೆ. ಒಬ್ಬರ ಒಂದು ವಾರದ ದುಡಿಮೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಶುಕ್ರವಾರ ಸಂಜೆ ನೀವು ಪಟ್ಟಿಯ ಕೊನೆಯ ಸಾಲಿಗೆ ಗುರುತು ಹಾಕುವ ಹೊತ್ತಿಗೆ, ಕ್ರಮವಿಧಿ ಬರೆಯುವವರು ಎಲ್ಲೋ ಒಂದು ಸಣ್ಣ ತಿದ್ದುಪಡಿ ಮಾಡಿ ಹೊಸ ಆವೃತ್ತಿಯನ್ನು ನಿಮ್ಮ ಮುಂದಿಡುತ್ತಾರೆ. ಸೋಮವಾರ ಮತ್ತೆ ಮೊದಲಿನಿಂದ.

ಸಣ್ಣ ತಿದ್ದುಪಡಿಗೆ ಇಡೀ ಪರೀಕ್ಷೆಯನ್ನು ಪುನಃ ಏಕೆ ಮಾಡಬೇಕು ಎಂದು ನೀವು ಕೇಳಬಹುದು. ಒಂದು ಒಡೆದ ಹೆಂಚನ್ನು ಬದಲಿಸಲು ಛಾವಣಿ ಹತ್ತಿದವನ ಕಾಲಡಿಯಲ್ಲಿ ಇನ್ನೆರಡು ಹೆಂಚು ಒಡೆಯುವುದುಂಟಲ್ಲ, ತಂತ್ರಾಂಶದ ಸ್ಥಿತಿಯೂ ಅಂಥದೇ. ಅದರ ಒಂದು ಭಾಗ ಇನ್ನೊಂದಕ್ಕೆ ಆತುಕೊಂಡಿರುತ್ತದೆ. ಆದ್ದರಿಂದ ನಿನ್ನೆ ಸರಿಯಾಗಿದ್ದದ್ದು ಇಂದೂ ಸರಿಯಾಗಿದೆಯೇ ಎಂದು ಪ್ರತಿ ಸಲವೂ ನೋಡಬೇಕು. ಉದ್ಯಮದಲ್ಲಿ ಇದಕ್ಕೆ ರಿಗ್ರೆಶನ್ ಟೆಸ್ಟಿಂಗ್ ಎಂದು ಹೆಸರು. ನಾವು ಇಲ್ಲಿ ಮರುಪರೀಕ್ಷೆ ಎನ್ನೋಣ. ಐಬಿಎಂ ಸಂಸ್ಥೆಯ ಒಂದು ಬೃಹತ್ ತಂತ್ರಾಂಶ ಯೋಜನೆಯನ್ನು ನಡೆಸಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ಪ್ರಕಟಿಸಿದ ತಮ್ಮ ಪ್ರಸಿದ್ಧ ಪುಸ್ತಕದಲ್ಲಿ, ಯೋಜನೆಯ ಒಟ್ಟು ಕಾಲದ ಅರ್ಧವನ್ನು ಪರೀಕ್ಷೆಗೇ ಮೀಸಲಿಡಬೇಕು ಎಂದರು. ಕ್ರಮವಿಧಿ ಬರೆಯಲು ಅವರು ಕೊಟ್ಟದ್ದು ಆರನೆಯ ಒಂದು ಪಾಲು ಮಾತ್ರ.

ಇಷ್ಟು ದೊಡ್ಡ ಪಾಲನ್ನು ಯಂತ್ರಕ್ಕೆ ವಹಿಸಬಹುದಾದರೆ ಯಾರಿಗೆ ಬೇಡ? ಪರೀಕ್ಷಾ ಉಪಕರಣಗಳ ಪ್ರಚಾರ ಪತ್ರಗಳು, ತರಬೇತಿ ಕೇಂದ್ರಗಳ ಫಲಕಗಳು, ವ್ಯವಸ್ಥಾಪಕರ ಭಾಷಣಗಳು ಎಲ್ಲವೂ ಹೇಳುವುದು ಒಂದೇ ಮಾತನ್ನು: ಪರೀಕ್ಷೆಯನ್ನು ಸ್ವಯಂಚಾಲಿತಗೊಳಿಸಿ, ಪುನರಾವರ್ತನೆಯ ಕೆಲಸ ನಿರ್ಮೂಲವಾಗುತ್ತದೆ. ಈ ಲೇಖನದ ವಿಮರ್ಶೆಗೆ ಗುರಿಯಾಗಿರುವುದು ಆ ಮಾತೇ ಹೊರತು ಉಪಕರಣಗಳಲ್ಲ. ನನ್ನ ದೃಷ್ಟಿಯಲ್ಲಿ ಅದು ಅರ್ಧ ಸತ್ಯ. ಬೆರಳಿನ ಕೆಲಸ ನಿಜವಾಗಿಯೂ ಇಲ್ಲವಾಗುತ್ತದೆ. ಆದರೆ ಆ ಬೆರಳಿನ ಜೊತೆಗೆ ಒಂದು ಕಣ್ಣೂ ಕೆಲಸ ಮಾಡುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಬೇಸರದಿಂದ ಹುಟ್ಟಿದ ಉಪಕರಣ

2004ರಲ್ಲಿ ಅಮೆರಿಕದ ಶಿಕಾಗೋ ನಗರದಲ್ಲಿ ಥಾಟ್‌ವರ್ಕ್ಸ್ ಎಂಬ ಸಂಸ್ಥೆಯ ಉದ್ಯೋಗಿ ಜೇಸನ್ ಹಗ್ಗಿನ್ಸ್ ಒಂದು ಒಳಬಳಕೆಯ ತಂತ್ರಾಂಶದ ಮೇಲೆ ಕೆಲಸ ಮಾಡುತ್ತಿದ್ದರು. ನೌಕರರು ತಾವು ದುಡಿದ ಗಂಟೆಗಳನ್ನೂ ಮಾಡಿದ ಖರ್ಚನ್ನೂ ಬರೆದಿಡುವ ಸಾಮಾನ್ಯ ತಂತ್ರಾಂಶ ಅದು. ಬ್ರೌಸರಿನಲ್ಲಿ ನಡೆಯುತ್ತಿತ್ತು. ಪ್ರತಿ ಬದಲಾವಣೆಯ ನಂತರವೂ ಅವೇ ಪುಟಗಳನ್ನು ತೆರೆದು, ಅವೇ ಗುಂಡಿಗಳನ್ನು ಒತ್ತಿ, ಬೇರೆ ಬೇರೆ ಬ್ರೌಸರುಗಳಲ್ಲಿ ಸರಿಯಿದೆಯೇ ಎಂದು ನೋಡುವ ಕೆಲಸದಿಂದ ಬೇಸತ್ತು ಹಗ್ಗಿನ್ಸ್ ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಒಂದು ಸಣ್ಣ ಕ್ರಮವಿಧಿ ಬರೆದರು. ಅದು ಬ್ರೌಸರಿನೊಳಗೇ ಕುಳಿತು ಪುಟವನ್ನು ತಾನೇ ನಡೆಸುತ್ತಿತ್ತು. ಅದೇ ಮುಂದೆ ಸೆಲೆನಿಯಂ ಆಯಿತು.

ಹೆಸರಿನ ಹಿಂದೆ ಒಂದು ಚಟಾಕಿ ಇದೆ. ಆಗ ಪರೀಕ್ಷಾ ಉಪಕರಣಗಳ ಮಾರುಕಟ್ಟೆಯಲ್ಲಿ ದೊಡ್ಡ ಹೆಸರು ಮರ್ಕ್ಯುರಿ ಎಂಬ ಸಂಸ್ಥೆಯದು. ಮರ್ಕ್ಯುರಿ ಎಂದರೆ ಪಾದರಸ. ಪಾದರಸದ ವಿಷಕ್ಕೆ ಸೆಲೆನಿಯಂ ಮದ್ದು ಎಂಬ ತಮಾಷೆಯ ಮಾತೇ ಹೆಸರಾಗಿ ನಿಂತಿತು. ಮರ್ಕ್ಯುರಿಯನ್ನು 2006ರಲ್ಲಿ ಎಚ್‌ಪಿ ಸಂಸ್ಥೆ ಕೊಂಡಿತು. ಸೆಲೆನಿಯಂ ಮುಕ್ತ ತಂತ್ರಾಂಶವಾಗಿ ಬೆಳೆದು, ಬ್ರೌಸರನ್ನು ಹೊರಗಿನಿಂದ ನಡೆಸುವ ಅದರ ವಿಧಾನ 2018ರಲ್ಲಿ ಅಂತರಜಾಲದ ಅಧಿಕೃತ ಮಾನಕಗಳಲ್ಲೊಂದಾಯಿತು. ಇದಕ್ಕೂ ಮೊದಲೇ, 1997ರಲ್ಲಿ, ಕೆಂಟ್ ಬೆಕ್ ಮತ್ತು ಎರಿಕ್ ಗಾಮಾ ಒಂದು ವಿಮಾನಯಾನದಲ್ಲಿ ಅಕ್ಕಪಕ್ಕ ಕುಳಿತು ಜೆಯುನಿಟ್ ಎಂಬ ಉಪಕರಣದ ಮೊದಲ ರೂಪವನ್ನು ಬರೆದಿದ್ದರು. ಅದು ಪರದೆಯನ್ನಲ್ಲ, ಕ್ರಮವಿಧಿಯ ಬಿಡಿ ಭಾಗಗಳನ್ನು ಪರೀಕ್ಷಿಸುತ್ತದೆ.

ಉಪಕರಣ ಯಾವುದೇ ಇರಲಿ, ಒಳಗಿನ ತತ್ತ್ವ ಒಂದೇ. ಮೊದಲು ಸನ್ನಿವೇಶವನ್ನು ಸಿದ್ಧಪಡಿಸಬೇಕು. ಬಳಿಕ ಕ್ರಿಯೆಯನ್ನು ನಡೆಸಬೇಕು. ಕೊನೆಗೆ, ಬಂದ ಉತ್ತರವನ್ನು ನಿರೀಕ್ಷಿತ ಉತ್ತರದೊಡನೆ ಹೋಲಿಸಬೇಕು. ಎರಡೂ ಒಂದೇ ಆದರೆ ಹಸಿರು, ಬೇರೆಯಾದರೆ ಕೆಂಪು. ನಿಮ್ಮ 240 ಸಂದರ್ಭಗಳೂ ಈ ರೀತಿ ರಾತ್ರಿಯ ಹೊತ್ತು ತಾವೇ ಓಡಿ ಬೆಳಿಗ್ಗೆ ಪಟ್ಟಿ ಕೊಡುತ್ತವೆ. ಇಲ್ಲಿ ಒಂದು ಸಂಗತಿಯನ್ನು ನೆನಪಿನಲ್ಲಿಡಿ: ನಿರೀಕ್ಷಿತ ಉತ್ತರ ಯಾವುದೆಂದು ಉಪಕರಣಕ್ಕೆ ಗೊತ್ತಿಲ್ಲ. ಅದನ್ನು ಯಾರೋ ಬರೆದುಕೊಡಬೇಕು.

45 ನಿಮಿಷ

ಮರುಪರೀಕ್ಷೆಯನ್ನು ಬೇಸರದ ಕೆಲಸವೆಂದು ಬದಿಗಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನೈಟ್ ಕ್ಯಾಪಿಟಲ್ ಎಂಬ ಅಮೆರಿಕದ ಷೇರು ವ್ಯವಹಾರ ಸಂಸ್ಥೆಯ ಕಥೆಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಅಲ್ಲಿನ ಷೇರು ನಿಯಂತ್ರಣ ಆಯೋಗ ತನಿಖೆ ನಡೆಸಿ 2013ರಲ್ಲಿ ಹೊರಡಿಸಿದ ಆದೇಶದಲ್ಲಿ ಎಲ್ಲ ವಿವರಗಳೂ ಇವೆ.

ಸಂಸ್ಥೆಯ ವ್ಯವಹಾರ ತಂತ್ರಾಂಶದಲ್ಲಿ 'ಪವರ್ ಪೆಗ್' ಎಂಬ ಹಳೆಯ ಭಾಗವೊಂದಿತ್ತು. ಅದರ ಬಳಕೆ 2003ರಲ್ಲೇ ನಿಂತಿತ್ತು, ಆದರೆ ಅದನ್ನು ಕಿತ್ತುಹಾಕಿರಲಿಲ್ಲ. ಒಂದು ದೊಡ್ಡ ಬೇಡಿಕೆಯನ್ನು ಸಣ್ಣ ಸಣ್ಣ ತುಂಡು ಮಾಡಿ ಮಾರುಕಟ್ಟೆಗೆ ಕಳಿಸುವುದು, ಎಷ್ಟು ಷೇರು ಸಿಕ್ಕಿತೆಂದು ಎಣಿಸುತ್ತ ಹೋಗುವುದು, ಬೇಕಾದಷ್ಟು ಸಿಕ್ಕೊಡನೆ ನಿಲ್ಲಿಸುವುದು ಅದರ ಕೆಲಸ. 2005ರಲ್ಲಿ ಈ ಎಣಿಕೆಯ ಭಾಗವನ್ನು ಕ್ರಮವಿಧಿಯಲ್ಲಿ ಬೇರೆ ಕಡೆಗೆ ಸರಿಸಿದರು. ಹಾಗೆ ಸರಿಸಿದ ಮೇಲೆ ಪವರ್ ಪೆಗ್ ಸರಿಯಾಗಿ ನಿಲ್ಲುತ್ತದೆಯೇ ಎಂದು ಯಾರೂ ಮರುಪರೀಕ್ಷೆ ಮಾಡಲಿಲ್ಲ. ಬಳಸದ ಭಾಗ ತಾನೇ! ಏಳು ವರ್ಷ ಅದು ಸುಮ್ಮನೆ ಮಲಗಿತ್ತು.

2012ರ ಜುಲೈ ಕೊನೆಯಲ್ಲಿ ಹೊಸ ಸೌಲಭ್ಯವೊಂದರ ಕ್ರಮವಿಧಿಯನ್ನು ಎಂಟು ಸರ್ವರುಗಳಿಗೆ ಹಾಕಬೇಕಿತ್ತು. ತಂತ್ರಜ್ಞರೊಬ್ಬರು ಕೈಯಿಂದಲೇ ಒಂದೊಂದಕ್ಕೆ ಹಾಕುತ್ತ ಹೋದರು. ಏಳಕ್ಕೆ ಹಾಕಿದರು, ಎಂಟನೆಯದು ಉಳಿದುಹೋಯಿತು. ಇನ್ನೊಬ್ಬರು ಪರಿಶೀಲಿಸಬೇಕೆಂಬ ಲಿಖಿತ ನಿಯಮ ಅಲ್ಲಿರಲಿಲ್ಲ. ಹಿಂದೆ ಪವರ್ ಪೆಗ್ಗನ್ನು ಎಬ್ಬಿಸುತ್ತಿದ್ದ ಸಂಕೇತವನ್ನೇ ಹೊಸ ಸೌಲಭ್ಯಕ್ಕೂ ಬಳಸಿಕೊಂಡಿದ್ದರು. ಆಗಸ್ಟ್ 1ರಂದು ಬೆಳಿಗ್ಗೆ ಮಾರುಕಟ್ಟೆ ತೆರೆದಾಗ ಎಂಟನೆಯ ಸರ್ವರಿನಲ್ಲಿ ಎಚ್ಚರಗೊಂಡದ್ದು ಹಳೆಯ ಪವರ್ ಪೆಗ್. ಅದಕ್ಕೆ ನಿಲ್ಲಿಸುವುದೇ ಗೊತ್ತಿರಲಿಲ್ಲ. ಗಾಬರಿಯಲ್ಲಿ ಸಿಬ್ಬಂದಿ ಸರಿಯಾಗಿದ್ದ ಏಳು ಸರ್ವರುಗಳಿಂದ ಹೊಸ ಕ್ರಮವಿಧಿಯನ್ನು ತೆಗೆದುಹಾಕಿದರು. ಅಲ್ಲಿಗೆ ಎಂಟರಲ್ಲೂ ಹಳೆಯದೇ ಓಡತೊಡಗಿತು! ಸುಮಾರು 45 ನಿಮಿಷಗಳಲ್ಲಿ 154 ಕಂಪನಿಗಳ ಷೇರುಗಳಲ್ಲಿ 40 ಲಕ್ಷ ವ್ಯವಹಾರಗಳು ನಡೆದುಹೋದವು. ನಷ್ಟ 46 ಕೋಟಿ ಡಾಲರಿಗೂ ಹೆಚ್ಚು. ಮರುವರ್ಷ ಸಂಸ್ಥೆ ಇನ್ನೊಂದರೊಳಗೆ ಸೇರಿಹೋಯಿತು.

ಯಾಂತ್ರೀಕರಣದ ಪರವಾಗಿ ವಾದಿಸುವವರಿಗೆ ಇದಕ್ಕಿಂತ ಬಲವಾದ ಉದಾಹರಣೆ ಬೇಕಿಲ್ಲ. 2005ರಲ್ಲಿ ಒಂದು ಸ್ವಯಂಚಾಲಿತ ಮರುಪರೀಕ್ಷೆ ಇದ್ದಿದ್ದರೆ ಎಣಿಕೆ ತಪ್ಪಿದ್ದು ಅಂದೇ ಕೆಂಪಾಗಿ ಕಾಣುತ್ತಿತ್ತು. ಎಂಟು ಸರ್ವರುಗಳಿಗೆ ಒಂದೇ ಕ್ರಮವಿಧಿಯನ್ನು ಹಾಕುವುದು ಮನುಷ್ಯ ಮಾಡಬಾರದ ಕೆಲಸ. ಆರನ್ನು ಮಾಡಿದ ಮೇಲೆ ಏಳೋ ಎಂಟೋ ಎಂಬ ಮರೆವು ಯಾರಿಗಾದರೂ ಬರುವಂಥದೇ. ಈ ಬಗೆಯ ಕೆಲಸಗಳ ಮಟ್ಟಿಗೆ ನನ್ನ ತಕರಾರು ಏನೂ ಇಲ್ಲ. ಇಂದೇ ಯಂತ್ರಕ್ಕೆ ಒಪ್ಪಿಸಿ.

ಆದರೆ ಅದೇ ಆದೇಶದಲ್ಲಿ ಇನ್ನೊಂದು ವಿವರವಿದೆ. ಉಪಕರಣ ಮಾರುವವರ ಭಾಷಣದಲ್ಲಿ ಅದು ನನಗೆ ಇದುವರೆಗೆ ಕೇಳಿಸಿಲ್ಲ. ಅಂದು ಮಾರುಕಟ್ಟೆ ತೆರೆಯುವ ಮೊದಲೇ ಸಂಸ್ಥೆಯ ಗಣಕ ವ್ಯವಸ್ಥೆ ತಾನಾಗಿಯೇ 97 ಇ-ಮೇಲ್ ಸಂದೇಶಗಳನ್ನು ಸಿಬ್ಬಂದಿಗೆ ಕಳಿಸಿತ್ತು. ಪವರ್ ಪೆಗ್‌ನ ಹೆಸರು ಅವುಗಳಲ್ಲೇ ಇತ್ತು. ಯಾರೂ ಅವುಗಳ ಬಗ್ಗೆ ಏನೂ ಮಾಡಲಿಲ್ಲ. ಅವುಗಳನ್ನು ಎಚ್ಚರಿಕೆಯ ಸಂದೇಶಗಳೆಂದು ರೂಪಿಸಿರಲೂ ಇಲ್ಲ, ಬಂದೊಡನೆ ಓದುವ ರೂಢಿಯೂ ಅಲ್ಲಿರಲಿಲ್ಲ. ಯಂತ್ರ ತನ್ನ ಪಾಲಿನ ಕೆಲಸವನ್ನು 97 ಸಲ ಮಾಡಿತ್ತು. ನೋಡುವ ಕೆಲಸ ಯಾರದೆಂದು ಯಾರೂ ಬರೆದಿಟ್ಟಿರಲಿಲ್ಲ.

ಕೆಂಪು ಕಂಡರೂ ನಂಬದ ಸ್ಥಿತಿ

ಸಂದೇಶಗಳನ್ನು ಓದದೆ ಬಿಡುವುದು ಸೋಮಾರಿತನವೇ ಆಗಬೇಕಿಲ್ಲ. ಈ ಲೆಕ್ಕ ನೋಡಿ. ನಿಮ್ಮಲ್ಲಿ 1000 ಸ್ವಯಂಚಾಲಿತ ಪರೀಕ್ಷೆಗಳಿವೆ. ಪ್ರತಿಯೊಂದೂ ಬಹಳ ನಂಬಿಕಸ್ಥ; ಸಾವಿರ ಸಲ ಓಡಿಸಿದರೆ ಒಮ್ಮೆ ಮಾತ್ರ, ತಂತ್ರಾಂಶದಲ್ಲಿ ಏನೂ ದೋಷವಿಲ್ಲದಿದ್ದರೂ, ಸುಳ್ಳು ಕೆಂಪು ತೋರಿಸುತ್ತದೆ. ಜಾಲ ನಿಧಾನವಾಗಿತ್ತು, ಪುಟ ತೆರೆಯಲು ಎರಡು ಸೆಕೆಂಡಿನ ಬದಲು ಮೂರು ಹಿಡಿಯಿತು, ಇಂಥ ಕಾರಣಗಳು ಸಾಕು. ಹಾಗಿದ್ದರೆ ಒಂದು ರಾತ್ರಿ ಸಾವಿರವೂ ಹಸಿರಾಗಿ ಬರುವ ಸಂಭವ ಎಷ್ಟು? 0.999 ಅನ್ನು ಸಾವಿರ ಸಲ ಗುಣಿಸಿದರೆ ಸುಮಾರು 0.37. ಅಂದರೆ ಮೂರು ರಾತ್ರಿಗಳಲ್ಲಿ ಎರಡು ರಾತ್ರಿ, ಎಲ್ಲವೂ ಸರಿಯಿದ್ದರೂ, ಬೆಳಿಗ್ಗೆ ಎದ್ದರೆ ಕೆಂಪು.

ವಾಸ್ತವ ಇದಕ್ಕಿಂತ ಕೆಟ್ಟದ್ದು. ಗೂಗಲ್ ಸಂಸ್ಥೆ 2016ರಲ್ಲಿ ತನ್ನ ಒಳಗಿನ ಅನುಭವವನ್ನು ಪ್ರಕಟಿಸಿತು. ಒಟ್ಟು ಪರೀಕ್ಷಾ ಓಟಗಳಲ್ಲಿ ಸುಮಾರು ಶೇ. 1.5 ಇಂಥ ಚಂಚಲ ಫಲಿತಾಂಶ ಕೊಡುತ್ತಿದ್ದವು. ಅದರ ಪರೀಕ್ಷೆಗಳಲ್ಲಿ ಸುಮಾರು ಶೇ. 16ರಷ್ಟಕ್ಕೆ ಒಂದಲ್ಲ ಒಂದು ಮಟ್ಟದ ಚಂಚಲತೆ ಇತ್ತು. ಹಸಿರಿನಿಂದ ಕೆಂಪಿಗೆ ತಿರುಗಿದ ಪ್ರಸಂಗಗಳಲ್ಲಿ ಶೇ. 84ರಲ್ಲಿ ಚಂಚಲ ಪರೀಕ್ಷೆಯ ಕೈವಾಡವಿತ್ತು. ಹಣಕ್ಕೂ ಪ್ರತಿಭೆಗೂ ಕೊರತೆಯಿಲ್ಲದ ಸಂಸ್ಥೆಯ ಕಥೆ ಇದು.

ಇಂಥ ಬೆಳಗಿನಲ್ಲಿ ಪರೀಕ್ಷಕರು ಏನು ಮಾಡುತ್ತಾರೆ? 'ಮತ್ತೆ ಓಡಿಸು' ಎಂಬ ಗುಂಡಿ ಒತ್ತುತ್ತಾರೆ. ಹಸಿರಾಗದಿದ್ದರೆ ಇನ್ನೊಮ್ಮೆ. ಗುಂಡಿಯ ಹೆಸರು ಬದಲಾಗಿ 'ಸಲ್ಲಿಸಿ' ಹೋಗಿ 'ಕಳುಹಿಸಿ' ಬಂದಿದ್ದರೆ, ಮನುಷ್ಯನಾದರೆ ಗಮನಿಸಿ ಮುಂದೆ ಹೋಗುತ್ತಿದ್ದ ಜಾಗದಲ್ಲಿ ಉಪಕರಣ ಮುಗ್ಗರಿಸಿರುತ್ತದೆ. ನೂರು ಪರೀಕ್ಷೆಗಳನ್ನು ತೆರೆದು ನೂರು ಕಡೆ ತಿದ್ದಬೇಕು. ಪುನರಾವರ್ತನೆಯನ್ನು ನಿರ್ಮೂಲ ಮಾಡಲು ತಂದ ಉಪಕರಣ ತನ್ನದೇ ಆದ ಹೊಸ ಪುನರಾವರ್ತನೆಯನ್ನು ಸೃಷ್ಟಿಸಿತು. ಹಳೆಯದರಲ್ಲಿ ಕಡೆಯಪಕ್ಷ ತಂತ್ರಾಂಶವನ್ನು ನೋಡುತ್ತಿದ್ದೆವು. ಹೊಸದರಲ್ಲಿ ಪರೀಕ್ಷೆಯನ್ನೇ ನೋಡುತ್ತ ಕೂರಬೇಕು.

ಹಸಿರಿನ ಸುಳ್ಳು

ಸುಳ್ಳು ಕೆಂಪು ಕಿರಿಕಿರಿ. ಸುಳ್ಳು ಹಸಿರು ಅಪಾಯ. ನಾನು ಹಿಂದೆ ದುಡಿಯುತ್ತಿದ್ದ ಒಂದು ಸಣ್ಣ ಸಂಸ್ಥೆ ಸಹಕಾರ ಸಂಘಗಳಿಗೆ ಠೇವಣಿ ಲೆಕ್ಕದ ತಂತ್ರಾಂಶ ಮಾಡಿಕೊಡುತ್ತಿತ್ತು. ಬಡ್ಡಿ ಲೆಕ್ಕಕ್ಕೆ ನಮ್ಮಲ್ಲಿ ಒಳ್ಳೆಯ ಸಂಖ್ಯೆಯ ಸ್ವಯಂಚಾಲಿತ ಪರೀಕ್ಷೆಗಳಿದ್ದವು; ಅದರ ಬಗ್ಗೆ ನಮಗೆ ಹೆಮ್ಮೆಯೂ ಇತ್ತು. ಅಧಿಕ ವರ್ಷವೊಂದರಲ್ಲಿ ಒಂದು ಸಂಘದ ಲೆಕ್ಕಿಗರು ಫೋನ್ ಮಾಡಿ, ಒಂದು ಲಕ್ಷ ರೂಪಾಯಿಗೆ ಶೇ. 9ರಂತೆ 366 ದಿನಗಳ ಬಡ್ಡಿ ನಿಮ್ಮ ತಂತ್ರಾಂಶದಲ್ಲಿ 9000 ಬರುತ್ತಿದೆ, ನನ್ನ ಖಾತಾ ಪುಸ್ತಕದಲ್ಲಿ 9024 ರೂಪಾಯಿ 66 ಪೈಸೆ ಬಂದಿದೆ ಎಂದರು. ಆ ಸಂಘದ ನಿಯಮದ ಪ್ರಕಾರ ವರ್ಷಕ್ಕೆ 365 ದಿನವೆಂದೇ ಹಿಡಿದು ಭಾಗಿಸಬೇಕು. ಅವರು ಹೇಳಿದ್ದೇ ಸರಿ.

ನಮ್ಮ ಪರೀಕ್ಷೆ ಇದನ್ನು ಹಿಡಿಯಲಿಲ್ಲವೇ? ಹಿಡಿದಿತ್ತು. ಕೆಲವು ತಿಂಗಳ ಹಿಂದೆ ಅದು ಕೆಂಪಾಗಿತ್ತು. ಬಿಡುಗಡೆಯ ಅವಸರದಲ್ಲಿದ್ದ ಯಾರೋ ನಿರೀಕ್ಷಿತ ಉತ್ತರದ ಜಾಗದಲ್ಲಿದ್ದ 9024.66 ಅಳಿಸಿ, ತಂತ್ರಾಂಶ ಕೊಟ್ಟ 9000 ಅನ್ನೇ ಬರೆದುಬಿಟ್ಟಿದ್ದರು. ಅಂದಿನಿಂದ ಪ್ರತಿ ರಾತ್ರಿ ತಪ್ಪನ್ನು ತಪ್ಪಿನೊಡನೆ ಹೋಲಿಸಿ ಉಪಕರಣ ಹಸಿರು ತೋರಿಸುತ್ತಿತ್ತು. ಅದನ್ನು ಬರೆದವರು ಯಾರೆಂದು ನಾವು ಹುಡುಕಲಿಲ್ಲ. ಹುಡುಕಿದ್ದರೆ ನನ್ನ ಹೆಸರೇ ಸಿಗುವ ಸಾಧ್ಯತೆ ಇತ್ತು.

ಈ ರೋಗಕ್ಕೆ ಒಂದು ಹಳೆಯ ಔಷಧವಿದೆ. ಡಿಮಿಲೊ, ಲಿಪ್ಟನ್, ಸೇವರ್ಡ್ ಎಂಬ ಮೂವರು 1978ರಲ್ಲಿ ಅದನ್ನು ವಿವರಿಸಿದರು. ಕ್ರಮವಿಧಿಯಲ್ಲಿ ಬೇಕೆಂದೇ ಒಂದು ತಪ್ಪನ್ನು ಸೇರಿಸಿ, ಕೂಡುವ ಕಡೆ ಕಳೆಯಿರಿ, 'ಹೆಚ್ಚು' ಎಂಬಲ್ಲಿ 'ಕಡಿಮೆ' ಮಾಡಿ, ಆಮೇಲೆ ಪರೀಕ್ಷೆ ಓಡಿಸಿ. ಆಗಲೂ ಹಸಿರೇ ಬಂದರೆ ಆ ಪರೀಕ್ಷೆ ಏನನ್ನೂ ನೋಡುತ್ತಿಲ್ಲ ಎಂದರ್ಥ. ಪೂರ್ಣ ಪ್ರಮಾಣದಲ್ಲಿ ಮಾಡಲು ಇದಕ್ಕೆ ಬಹಳ ಗಣಕ ಸಮಯ ಬೇಕು. ಆದರೆ ಒಂದು ಪರೀಕ್ಷೆಯನ್ನು ಬರೆದ ದಿನ ಅದನ್ನು ಒಮ್ಮೆಯಾದರೂ ಕೆಂಪಾಗಿಸಿ ನೋಡುವುದಕ್ಕೆ ಎರಡು ನಿಮಿಷ ಸಾಕು.

ಈಗ ಕೃತಕ ಬುದ್ಧಿಮತ್ತೆಯ ಉಪಕರಣಗಳು ಕ್ರಮವಿಧಿಯನ್ನು ಓದಿ ನೂರಾರು ಪರೀಕ್ಷೆಗಳನ್ನು ಕ್ಷಣದಲ್ಲಿ ಬರೆದುಕೊಡುತ್ತಿವೆ. ಟೈಪು ಮಾಡುವ ಶ್ರಮವೂ ಉಳಿಯಿತು, ಸಂತೋಷ. ಆದರೆ ನಿರೀಕ್ಷಿತ ಉತ್ತರವನ್ನು ಅವು ಎಲ್ಲಿಂದ ತರುತ್ತವೆ ಎಂದು ಕೇಳಿಕೊಳ್ಳಿ. ಸಂಘದ ನಿಯಮಾವಳಿಯನ್ನು ಕೈಗೆ ಕೊಡದೆ ಕ್ರಮವಿಧಿಯನ್ನಷ್ಟೇ ಕೊಟ್ಟರೆ, ಅದರಲ್ಲಿ ಇರುವುದೇ ಸರಿಯೆಂದು ಹಿಡಿದು ಪರೀಕ್ಷೆ ಬರೆಯುವ ಸಂಭವವೇ ಹೆಚ್ಚು. ನಾವು ಅವಸರದಲ್ಲಿ ಒಂದು ಕಡೆ ಮಾಡಿದ ತಪ್ಪನ್ನು ಅವು ವ್ಯವಸ್ಥಿತವಾಗಿ ಎಲ್ಲ ಕಡೆ ಮಾಡಬಲ್ಲವು.

ಪರದೆಯ ಮೇಲಿನ ಕನ್ನಡ

ನೋಡುವುದಕ್ಕೂ ಹೋಲಿಸುವುದಕ್ಕೂ ಇರುವ ಅಂತರ ಕನ್ನಡ ತಂತ್ರಾಂಶಗಳಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. ಯೂನಿಕೋಡ್ ವ್ಯವಸ್ಥೆಯಲ್ಲಿ 'ಕೋ' ಎಂಬ ಅಕ್ಷರದ ಓತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎತ್ವ, ಕೊಂಬಿನ ದೀರ್ಘರೂಪ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ಎರಡೂ ಸಮಾನವೆಂದು ಯೂನಿಕೋಡ್ ಮಾನಕವೇ ಹೇಳುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಆದರೆ ಸಂಕೇತಗಳನ್ನು ಮೊದಲು ಒಂದೇ ರೂಪಕ್ಕೆ ತಾರದೆ ನೇರವಾಗಿ ಹೋಲಿಸುವ ಪರೀಕ್ಷೆಗೆ ಅವು ಬೇರೆ ಬೇರೆ. 'ಕೋಲಾರ' ಎಂದು ಹುಡುಕಿದರೆ 'ಕೋಲಾರ' ಸಿಗಲಿಲ್ಲ ಎಂಬ ವರದಿ ಬರುತ್ತದೆ. ಓದಿದವರಿಗೆ ತಲೆಬುಡ ತಿಳಿಯುವುದಿಲ್ಲ. ಇಂಥ ಕೆಂಪು ಉಪಕಾರಿಯೇ ಅನ್ನಿ. ಮನುಷ್ಯನ ಕಣ್ಣಿಗೆ ಕಾಣದ ದೋಷವನ್ನು ಅದು ತೋರಿಸಿಕೊಟ್ಟಿತು.

ಇದರ ಎದುರು ಬದಿಯನ್ನೂ ನೋಡಿ. ಸರಿಯಾದ ಅಕ್ಷರಶೈಲಿ ಅಥವಾ ಅಕ್ಷರ ಜೋಡಿಸುವ ವ್ಯವಸ್ಥೆ ಇಲ್ಲದ ಯಂತ್ರದಲ್ಲಿ 'ರಾಷ್ಟ್ರ' ಎಂಬುದು 'ರಾಷ್‌ಟ್‌ರ' ಎಂದು ಒಡೆದು ಕಾಣುತ್ತದೆ. ಒತ್ತು ಬಲಕ್ಕೆ ಜಾರಿ ಪಕ್ಕದ ಗುಂಡಿಯ ಅಂಚಿನಡಿ ಸಿಕ್ಕಿಕೊಂಡಿರುತ್ತದೆ, ಅಥವಾ ಸಾಲಿನ ಎತ್ತರ ಸಾಲದೆ ಒತ್ತಿನ ಕೆಳಭಾಗ ಕತ್ತರಿಸಿಹೋಗಿರುತ್ತದೆ. ಇಂಗ್ಲಿಷಿಗೆಂದು ಅಳತೆ ಮಾಡಿದ ಸಾಲುಗಳಲ್ಲಿ ಇದು ದಿನನಿತ್ಯದ ದೃಶ್ಯ. ಸ್ವಯಂಚಾಲಿತ ಪರೀಕ್ಷೆ ಪುಟದಿಂದ ಪಠ್ಯದ ಸಂಕೇತಗಳನ್ನು ಎತ್ತಿಕೊಂಡು ಹೋಲಿಸುತ್ತದೆ. ಸಂಕೇತಗಳು ಅಚ್ಚುಕಟ್ಟಾಗಿವೆ, ಹಸಿರು! ಪರದೆಯ ಚಿತ್ರವನ್ನೇ ತೆಗೆದು ಹೋಲಿಸುವ ಉಪಕರಣಗಳೂ ಇವೆ. ಅಕ್ಷರಶೈಲಿಯ ಹೊಸ ಆವೃತ್ತಿ ಬಂದು ಪ್ರತಿ ಅಕ್ಷರವೂ ಕೂದಲೆಳೆಯಷ್ಟು ಅಲುಗಿದರೆ ಅವು ಪುಟಕ್ಕೆ ಪುಟವನ್ನೇ ಕೆಂಪು ಮಾಡುತ್ತವೆ. ಎಷ್ಟು ಅಲುಗಿದರೆ ತಪ್ಪು ಎಂಬುದನ್ನು ಮತ್ತೆ ಕನ್ನಡ ಓದುವವರೇ ಕೂತು ನಿರ್ಧರಿಸಬೇಕು. ಕನ್ನಡದ ತಂತ್ರಾಂಶವನ್ನು ಕನ್ನಡ ಓದಲು ಬಾರದ ಪರೀಕ್ಷಕರೂ ಉಪಕರಣವೂ ಸೇರಿ ಪಾಸು ಮಾಡಿದ್ದನ್ನು ನೀವು ಯಾವುದಾದರೂ ಯಂತ್ರದ ಪರದೆಯ ಮುಂದೆ ನಿಂತು ಅನುಭವಿಸಿಯೇ ಇರುತ್ತೀರಿ.

ಕೈಗೆ ಬಂದ ಅಭ್ಯಾಸ

ಪುನರಾವರ್ತನೆ ಎಂದರೆ ಬರಿಯ ವ್ಯರ್ಥ ಎಂಬ ಎಣಿಕೆಯೇ ಪ್ರಶ್ನಾರ್ಹ. ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ 1985ರಿಂದ 1987ರ ನಡುವೆ ಆರು ರೋಗಿಗಳಿಗೆ ಮಿತಿಮೀರಿದ ವಿಕಿರಣ ಕೊಟ್ಟಿತು. ಅವರಲ್ಲಿ ಕೆಲವರು ಸತ್ತರು. 1986ರಲ್ಲಿ ಟೆಕ್ಸಾಸ್ ರಾಜ್ಯದ ಟೈಲರ್ ಎಂಬ ಊರಿನ ಆಸ್ಪತ್ರೆಯಲ್ಲಿ ಇಂಥ ಎರಡು ಅವಘಡಗಳಾದವು. ತಯಾರಕರ ಎಂಜಿನಿಯರರು ಎಷ್ಟು ಪ್ರಯತ್ನಿಸಿದರೂ ದೋಷ ಮರುಕಳಿಸಲಿಲ್ಲ. ಆಸ್ಪತ್ರೆಯ ಭೌತವಿಜ್ಞಾನಿಯೂ ಯಂತ್ರ ನಡೆಸುತ್ತಿದ್ದ ಆಪರೇಟರೂ ಸೇರಿ, ಅವಘಡದ ದಿನ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡಿ ಗುಟ್ಟು ಕಂಡುಹಿಡಿದರು. ಚಿಕಿತ್ಸೆಯ ವಿವರವನ್ನು ಬೆರಳಚ್ಚಿಸಿ, ತಪ್ಪಾದ ಒಂದು ಅಕ್ಷರವನ್ನು ಹಿಂದೆ ಹೋಗಿ ತಿದ್ದಿ, ಎಂಟು ಸೆಕೆಂಡಿನೊಳಗೆ ಮುಗಿಸಿದರೆ ಮಾತ್ರ ತಂತ್ರಾಂಶ ಆ ತಿದ್ದುಪಡಿಯನ್ನು ಪೂರ್ತಿಯಾಗಿ ಗ್ರಹಿಸುತ್ತಿರಲಿಲ್ಲ. ಅಷ್ಟು ವೇಗ ಹೊಸಬರಿಗೆ ಬಾರದು. ಅದೇ ಪರದೆಯನ್ನು ಸಾವಿರ ಸಲ ತುಂಬಿದ ಕೈಗೆ ಮಾತ್ರ ಬರುತ್ತದೆ.

ಎಂಟು ಸೆಕೆಂಡಿನ ಪರೀಕ್ಷೆಯನ್ನು ಉಪಕರಣದಿಂದಲೂ ಮಾಡಿಸಬಹುದಲ್ಲ ಎನ್ನಬಹುದು. ಖಂಡಿತ, ಗೊತ್ತಾದ ಮೇಲೆ. ಉಪಕರಣ ಕಾಯುವುದು ಗೊತ್ತಿರುವ ತಪ್ಪುಗಳನ್ನು. ಗೊತ್ತಿಲ್ಲದ್ದು ಬೇಸರದ ಕೆಲಸದ ನಡುವೆ, ಇದೇನೋ ಸ್ವಲ್ಪ ವಿಚಿತ್ರವಾಗಿದೆಯಲ್ಲ ಎನ್ನಿಸಿದ ಕ್ಷಣದಲ್ಲಿ ಸಿಗುತ್ತದೆ.

ಬೆಂಗಳೂರಿನ ತಂತ್ರಾಂಶ ಸಂಸ್ಥೆಗಳಲ್ಲಿ ಅನೇಕ ಯುವಕ ಯುವತಿಯರ ಮೊದಲ ಕೆಲಸ ಪರೀಕ್ಷಕರದು. ಕೈಯಿಂದ ಪರೀಕ್ಷಿಸುವವರಿಗೆ ಅಲ್ಲಿ ಕೆಳಗಿನ ಅಂತಸ್ತು, ಪರೀಕ್ಷಾ ಕ್ರಮವಿಧಿ ಬರೆಯುವವರಿಗೆ ಮೇಲಿನದು. ಬ್ಯಾಂಕಿನ ವ್ಯವಹಾರವನ್ನೋ ಆಸ್ಪತ್ರೆಯ ದಿನಚರಿಯನ್ನೋ ಆರು ತಿಂಗಳು ಮುಟ್ಟಿ ನೋಡದ ಹುಡುಗನನ್ನು ಮೊದಲ ದಿನವೇ ಸ್ಕ್ರಿಪ್ಟ್ ಬರೆಯಲು ಕೂರಿಸಿ, ವಾರಕ್ಕೆ ಎಷ್ಟು ಬರೆದೆ ಎಂದು ಎಣಿಸಿದರೆ, ಅವನು ಬೇಗ ಕೆಂಪಾಗದಂಥ ಪರೀಕ್ಷೆಗಳನ್ನೇ ಬರೆಯುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ. ಯಾಂತ್ರೀಕರಣ ಸುಲಭದ ಪಾಲನ್ನು ತಾನಿಟ್ಟುಕೊಂಡು ಕಠಿಣವಾದದ್ದನ್ನು ಮನುಷ್ಯನಿಗೆ ಬಿಡುತ್ತದೆ, ಆ ಕಠಿಣ ಕೆಲಸಕ್ಕೆ ಬೇಕಾದ ಅಭ್ಯಾಸವನ್ನೂ ಅವನಿಂದ ಕಸಿಯುತ್ತದೆ ಎಂದು ಮನಶ್ಶಾಸ್ತ್ರಜ್ಞೆ ಲಿಸಾನ್ ಬೇನ್‌ಬ್ರಿಜ್ 1983ರಲ್ಲೇ ವಿವರಿಸಿದ್ದರು. ಅವರ ಗಮನವಿದ್ದದ್ದು ಕಾರ್ಖಾನೆಗಳ ನಿಯಂತ್ರಣ ಕೊಠಡಿಗಳ ಮೇಲೆ. ಮೊದಲ ಕೆಲವು ಆವೃತ್ತಿಗಳನ್ನು ಹೊಸ ಪರೀಕ್ಷಕರು ಕೈಯಿಂದಲೇ ನೋಡಲಿ, ತಮಗೆ ಬೇಸರ ಬಂದ ಭಾಗವನ್ನು ತಾವೇ ಯಂತ್ರಕ್ಕೆ ಒಪ್ಪಿಸಲಿ ಎಂಬುದು ನನ್ನ ಸಲಹೆ. ಹಗ್ಗಿನ್ಸ್ ಮಾಡಿದ್ದೂ ಅದನ್ನೇ ಅಲ್ಲವೇ?

ಇದು ಆದರ್ಶದ ಮಾತು, ನಡೆಯುವುದಿಲ್ಲ ಎನ್ನುವವರಿಗೆ ಎಸ್‌ಕ್ಯೂಲೈಟ್ ಕಡೆ ಬೆರಳು ತೋರಿಸುತ್ತೇನೆ. ದತ್ತಾಂಶವನ್ನು ಕಾಪಾಡುವ ಈ ಪುಟ್ಟ ತಂತ್ರಾಂಶವನ್ನು ರಿಚರ್ಡ್ ಹಿಪ್ 2000ದಲ್ಲಿ ಆರಂಭಿಸಿದರು. ನಿಮ್ಮ ಜೇಬಿನಲ್ಲಿರುವ ಸ್ಮಾರ್ಟ್ ಫೋನಿನಲ್ಲೂ ಅದಿದೆ. ಸ್ವಯಂಚಾಲಿತ ಪರೀಕ್ಷೆಯಲ್ಲಿ ಅದನ್ನು ಮೀರಿಸಿದವರು ಅಪರೂಪ: 2023ರ ಅದರ 3.42 ಆವೃತ್ತಿಯಲ್ಲಿ ಮೂಲ ಕ್ರಮವಿಧಿ ಸುಮಾರು 1,55,800 ಸಾಲುಗಳಾದರೆ ಪರೀಕ್ಷೆಗೆಂದು ಬರೆದದ್ದು ಅದರ 590 ಪಟ್ಟು. ಇಷ್ಟಿದ್ದೂ ಪ್ರತಿ ಬಿಡುಗಡೆಗೆ ಮುನ್ನ ಅವರು ಸುಮಾರು 200 ಅಂಶಗಳ ಒಂದು ಪಟ್ಟಿಯನ್ನು ಮುಂದಿಟ್ಟುಕೊಳ್ಳುತ್ತಾರೆ. ಕೆಲವಕ್ಕೆ ಕೆಲವು ಸೆಕೆಂಡು ಸಾಕು, ಕೆಲವಕ್ಕೆ ಹಲವು ಗಂಟೆ ಬೇಕು. ಆ ಪಟ್ಟಿಯನ್ನು ಅವರು ಬೇಕೆಂದೇ ಸ್ವಯಂಚಾಲಿತಗೊಳಿಸಿಲ್ಲ. ಒಂದೊಂದನ್ನೂ ಒಬ್ಬರು ಕುಳಿತು ಓಡಿಸಿ, ನೋಡಿ, ಗುರುತು ಹಾಕುತ್ತಾರೆ. ಪರೀಕ್ಷೆ ಪಾಸಾಗಿದ್ದರೂ, ಹಾಗೆ ನೋಡುತ್ತ ಕುಳಿತವರ ಕಣ್ಣಿಗೆ ದೋಷ ಬಿದ್ದದ್ದುಂಟು ಎಂದು ಅವರೇ ಬರೆದಿದ್ದಾರೆ.